ಒಂದನೇ ಗೇರಿಗೆ ಹಿಂದೆ ಹೋದ ಟ್ರಕ್ಕು

ನನ್ನ ಮೊಣಕಾಲು ಕೈಕೊಟ್ಟು ಎರಡು ವರ್ಷವಾಯಿತು. ಗಾಡಿಯ ಕೆಳಗೆ ಮಲಗಿದರೆ ಎಬ್ಬಿಸಲು ಇಬ್ಬರು ಬೇಕು. ಹಾಗಾಗಿ ಬೋಲ್ಟು ಬಿಗಿಯುವ ಪಾನಾ ಕೆಳಗಿಟ್ಟೆ. ಈಗ ಶಾಮನೂರಿನ ನಮ್ಮ ಹಿತ್ತಲಿಗೆ ಹೊಸದಾಗಿ ಗ್ಯಾರೇಜ್ ಹಾಕಿದವರು, ಹಾಕಬೇಕೆಂದಿರುವವರು ಬರುತ್ತಾರೆ. ಯಾವುದೋ ದೇಶದಲ್ಲಿ ಹಳೇ ಟ್ರಕ್ಕೊಂದು ಬಂಡೆ ಹತ್ತುವುದನ್ನು ಮೊಬೈಲಿನಲ್ಲಿ ತೋರಿಸಿ, "ಅಂಕಲ್, ಹಿಂಗೆ ಕಟ್ಟಬೇಕು. ಎಷ್ಟು ದಿನ ಹಿಡೀತೈತೆ?" ಅನ್ನುತ್ತಾರೆ.

"ಈ ವಿಡಿಯೋ ಎಷ್ಟು ನಿಮಿಷದ್ದಪ್ಪ?"

"ಹನ್ನೆರಡು."

"ಹಂಗಾದ್ರೆ ನಿನಗೆ ಹನ್ನೆರಡು ತಿಂಗಳು."

ಅವರು ನಗುತ್ತಾರೆ. ನಾನು ತಮಾಷೆ ಮಾಡಿರುವುದಿಲ್ಲ.

ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಾಕಿಸಿಕೊಂಡ ಶಾಲು, ಪೇಪರಿನಲ್ಲಿ ಬಂದ ಫೋಟೋ ಇವನ್ನೆಲ್ಲ ಬಿಟ್ಟುಬಿಡುತ್ತೇನೆ. ಆ ಫೋಟೋದಲ್ಲಿ ಜೀಪು ಚೆನ್ನಾಗಿ ಬಂದಿತ್ತು, ನಾನು ಕಣ್ಣು ಮುಚ್ಚಿದ್ದೆ. ಕಲಿಯಲು ಏನಾದರೂ ಇದ್ದರೆ ಅದು ನಾನು ಕೆಡಿಸಿದ ಕೆಲಸಗಳಲ್ಲಿದೆ.

ನಾನು ಮೊದಲು ಹರಿಹರದ ಒಂದು ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಲೇತ್ ಯಂತ್ರದ ಟರ್ನರ್ ಆಗಿದ್ದೆ. ಅಲ್ಲಿ ನಮಗೆ ಕೂದಲೆಳೆಯ ಲೆಕ್ಕ. ಒಂದು ಎಳೆ ಹೆಚ್ಚು ಕಡಿಮೆಯಾದರೂ ಸಾಮಾನು ಗುಜರಿಗೆ. ಆ ಕೆಲಸ ಹೋದಾಗ ನನಗೆ ಮೂವತ್ತೈದು. ಹೊಳೆಯ ಕಡೆ ಹೋಗುವ ದಾರಿಯಲ್ಲಿ ಖಾದರ್ ಸಾಬರ ಶೆಡ್ ಇತ್ತು. ಮಿಲಿಟರಿಯವರು ಹರಾಜು ಹಾಕಿದ ಜೀಪು, ಸಣ್ಣ ಟ್ರಕ್ಕುಗಳಿಗೆ ಮರುಜೀವ ಕೊಡುವುದರಲ್ಲಿ ಅವರದು ಎತ್ತಿದ ಕೈ. "ಲೇತ್ ಬರ್ತೈತಾ? ಹಂಗಾದ್ರೆ ಬಾ" ಅಂದರು. ನನ್ನ ಸಂದರ್ಶನ ಅಷ್ಟೇ.

ಮೊದಲ ವಾರ ಒಂದು ಜೀಪಿನ ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ನೋಡಲು ಹೇಳಿದರು. ನಾನು ಕಾರ್ಖಾನೆಯ ಗತ್ತಿನಲ್ಲಿ ಜೇಬಿನಿಂದ ಮೈಕ್ರೋಮೀಟರ್ ತೆಗೆದು ಅರ್ಧ ದಿನ ಅಳೆದೆ, ಎರಡು ಹಾಳೆ ಬರೆದೆ. ಖಾದರ್ ಸಾಬರು, ನಮ್ಮೆಲ್ಲರ ಉಸ್ತಾದ್, ಬಂದವರೇ ಗಾಡಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರು.

"ಶೇಖರಪ್ಪ, ಗಾಡಿ ಎಡಕ್ಕೆ ನಾಲ್ಕು ಬೆರಳು ಸೊಟ್ಟ ಐತೆ. ನೀನು ಕೂದಲು ಅಳೀತಾ ಕುಂತೀಯ. ಮೊದಲು ಬೆರಳು ಮುಗಿಸು, ಆಮೇಲೆ ಕೂದಲಿಗೆ ಬಾ."

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಆದರೆ ಮರುದಿನ ಬೇರಿಂಗ್ ಕೂರಿಸುವಾಗ ಅದೇ ಉಸ್ತಾದ್ "ಎಲ್ಲಿ, ನಿನ್ನ ಕೂದಲು ಅಳಿಯೋದು ಕೊಡು" ಅಂತ ಕೈ ಚಾಚಿದರು. ಯಾವಾಗ ಬೆರಳು, ಯಾವಾಗ ಕೂದಲು ಅಂತ ತಿಳಿಯುವುದೇ ಈ ಕಸುಬು. ನನಗೆ ತಿಳಿಯಲು ಎಂಟು ವರ್ಷ ಹಿಡಿಯಿತು.

ಅಷ್ಟರಲ್ಲಿ ಉಸ್ತಾದರ ಕಣ್ಣು ಮಂಜಾಗತೊಡಗಿತು. ಶೆಡ್ ಮುಚ್ಚಿ, ಸಾಮಾನೆಲ್ಲ ನನಗೆ ಕೊಟ್ಟರು. ನಾನು ಮನೆಯ ಹಿತ್ತಲಲ್ಲೇ ತಗಡಿನ ಮಾಡು ಹಾಕಿಕೊಂಡು ಕೆಲಸ ಶುರು ಮಾಡಿದೆ. ಅವರು ವಾರಕ್ಕೆ ಮೂರು ದಿನ ಹರಿಹರದಿಂದ ಬಸ್ಸಿನಲ್ಲಿ ಬಂದು ಬೇವಿನ ಮರದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದರು. ಕಣ್ಣು ಹೋದಷ್ಟೂ ಅವರ ಕಿವಿ ಚುರುಕಾಯಿತು. ರಸ್ತೆಯಲ್ಲಿ ಹೋಗುವ ಲಾರಿಯ ಸದ್ದು ಕೇಳಿ "ಇದರ ಮೂರನೇ ಪಿಸ್ಟನ್ ಅಳ್ತಾ ಐತೆ" ಅನ್ನುವರು. ಲಾರಿ ನಿಲ್ಲಿಸಿ ಕೇಳುವವರು ಯಾರು? ನಾವು ನಂಬುತ್ತಿದ್ದೆವು.

ಮನೆಯಲ್ಲಿ ಕೆಲಸ ಇಟ್ಟುಕೊಂಡರೆ ಮನೆಯವರೂ ಕೆಲಸಕ್ಕೆ ಸಿಕ್ಕಿಹಾಕಿಕೊಳ್ಳುತ್ತಾರೆ. ನನ್ನ ಹೆಂಡತಿ ಗಿರಿಜಾ ರವಿಕೆ ಹೊಲಿಯುತ್ತಿದ್ದವಳು. ಜೀಪಿನ ಕ್ಯಾನ್ವಾಸ್ ಹುಡ್ ಹೊಲಿಯುವವನು ತಿಂಗಳುಗಟ್ಟಲೆ ಸತಾಯಿಸಿದಾಗ, "ತರ್ರಿ ಇಲ್ಲಿ, ನಾನು ಹೊಲೀತೀನಿ" ಅಂದಳು. ಟೇಪು ಹಿಡಿದು ಜೀಪಿನ ಸುತ್ತ ಎರಡು ಸುತ್ತು ಬಂದು, ಮೈಗೆ ಅಂಟಿದಂತೆ ಹೊಲಿದಳು. ಎಲ್ಲರೂ ಬೆರಗಾದರು. ಮೊದಲ ಮಳೆಗೆ ಕ್ಯಾನ್ವಾಸ್ ಕುಗ್ಗಿತು. ಗಾಡಿಯ ಯಜಮಾನರು ತೊಯ್ದು ತೊಪ್ಪೆಯಾಗಿ ಬಂದು, "ಅಕ್ಕಾರೆ, ನಮ್ಮ ಜೀಪು ದಪ್ಪ ಆಗೈತೆ. ಗುಂಡಿ ಹತ್ತವಲ್ಲವು" ಅಂದರು. ಅಂದಿನಿಂದ ಗಿರಿಜಾ ಕ್ಯಾನ್ವಾಸನ್ನು ಎರಡು ದಿನ ನೀರಲ್ಲಿ ನೆನೆಸಿ, ಒಣಗಿಸಿಯೇ ಕತ್ತರಿ ಹಾಕುವುದು. ನೀವೂ ಹಾಗೇ ಮಾಡಿ.

ಬೋಲ್ಟುಗಳ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಈಗ ನೀವು ಬಿಚ್ಚುವ ಮೊದಲು ಫೋಟೋ ಹೊಡೆದುಕೊಳ್ಳುತ್ತೀರಿ, ಒಳ್ಳೆಯದು. ನಾನು ಬಿಚ್ಚಿದ ಬೋಲ್ಟುಗಳನ್ನು ಖಾಲಿ ಸ್ವೀಟ್ ಡಬ್ಬಗಳಲ್ಲಿ ಹಾಕಿ ಚೀಟಿ ಅಂಟಿಸುತ್ತಿದ್ದೆ. ಒಂದು ದೀಪಾವಳಿಗೆ ನಮ್ಮ ಬೀಗರ ಮನೆಗೆ ಗೇರ್‌ಬಾಕ್ಸಿನ ಹದಿನೆಂಟು ಬೋಲ್ಟು ಹೋದವು. ಅವರು ದೊಡ್ಡ ಮನುಷ್ಯರು, ಏನೂ ಅನ್ನಲಿಲ್ಲ. ಮುಂದಿನ ವರ್ಷ ನಮಗೆ ಬಂದ ಡಬ್ಬವನ್ನು ಮಾತ್ರ ಗಿರಿಜಾ ಮೊದಲು ಅಲ್ಲಾಡಿಸಿ ನೋಡಿದಳು.

ಇನ್ನು ಮುರುಗೇಂದ್ರಪ್ಪನವರ ಟ್ರಕ್ಕಿನ ವಿಷಯ.

ಮುರುಗೇಂದ್ರಪ್ಪನವರ ಮನೆ ಎಸ್.ಎಸ್. ಬಡಾವಣೆಯಲ್ಲಿ, ಅಂಗಡಿ ಪೇಟೆಯಲ್ಲಿ. ಬಟ್ಟೆ ವ್ಯಾಪಾರ. ಅರವತ್ತು ದಾಟಿದ್ದ ಮೃದು ಮನುಷ್ಯ. ಕೈಗೆ ಏನು ಕೊಟ್ಟರೂ ಮಡಿಸಿ ಇಡುವ ಅಭ್ಯಾಸ. ನಮ್ಮ ಗ್ರೀಸ್ ಒರೆಸುವ ಅರಿವೆಯನ್ನೂ ರೇಷ್ಮೆ ಸೀರೆಯಂತೆ ನಾಲ್ಕು ಮಡಿಕೆ ಮಾಡಿ ಇಡುತ್ತಿದ್ದರು. ಹರಿಹರದ ಒಂದು ಹಳೇ ಅಕ್ಕಿ ಗಿರಣಿಯ ಹಿಂದೆ ಮಿಲಿಟರಿಯ ಒಂದು ಟನ್ನಿನ ಟ್ರಕ್ಕು ಬಿದ್ದಿತ್ತು. ಮಾಮೂಲಿಗೆ ಹಿಂದಿನ ಎರಡು ಚಕ್ರಕ್ಕೆ, ಲಿವರ್ ಎಳೆದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂಥದ್ದು, ಕಲ್ಲು ಕೆಸರು ಏನೂ ಲೆಕ್ಕವಿಲ್ಲ. ಆದರೆ ಆಗ ಅದರ ನೆಲ ತೂತಾಗಿ ಜಾಲಿ ಗಿಡವೊಂದು ಒಳಗಿಂದ ಬೆಳೆದು ಡ್ರೈವರ್ ಸೀಟಿನಲ್ಲಿ ಕೂತಿತ್ತು. ಅದನ್ನು ಕೊಂಡು, ಲಾರಿಯಲ್ಲಿ ಹೇರಿಸಿ, ಸೀದಾ ನಮ್ಮ ಹಿತ್ತಲಿಗೆ ತಂದಿಳಿಸಿದರು.

"ನಲವತ್ತು ವರ್ಷ ಮೀಟರ್ ಕಡ್ಡಿ ಹಿಡಿದು ಒಂದೇ ಕಡೆ ನಿಂತೀನ್ರಿ ಶೇಖರಪ್ಪ" ಅಂದರು. "ರಸ್ತೆ ಇಲ್ಲದ ಕಡೆ ಒಂದು ಸಲ ಹೋಗಬೇಕು. ಮನೇಲಿ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ."

ಹೆಂಡತಿ ಶಾರದಮ್ಮನವರಿಗೆ ಅವರು ಹೇಳಿದ್ದು, ಸಂಜೆ ಮಠದಲ್ಲಿ ಪ್ರವಚನ ಕೇಳಲು ಹೋಗುತ್ತೇನೆ ಅಂತ. ಹಣೆಗೆ ವಿಭೂತಿ ಧರಿಸಿ ಬರುವರು. ಬಂದು ಹಳೇ ಪೈಜಾಮ ಹಾಕಿಕೊಂಡು ಎರಡು ತಾಸು ತುಕ್ಕು ಕೆರೆಯುವರು. ಹೋಗುವಾಗ ಗಿರಿಜಾ ನಿಂಬೆ ಸಿಪ್ಪೆ, ಸೋಪು ಕೊಟ್ಟು ಉಗುರು ತಿಕ್ಕಿಸಿ ಕಳಿಸುವಳು. ಕಷ್ಟ ಏನೆಂದರೆ, ಶಾರದಮ್ಮನವರು ಪ್ರತಿದಿನ "ಇವತ್ತು ಸ್ವಾಮಿಗಳು ಏನು ಹೇಳಿದ್ರು?" ಅಂತ ಕೇಳುತ್ತಿದ್ದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಬೇವಿನ ಮರದ ಕೆಳಗೆ ಉಸ್ತಾದ್ ಅಂದು ಆಡಿದ ಮಾತನ್ನೇ ಮನೆಗೆ ಒಯ್ದು ಹೇಳಿಬಿಡುತ್ತಿದ್ದರು.

"ಎಣ್ಣೆ ಒಣಗಿದ ಕಡೆ ತಿಕ್ಕಾಟ ಶುರುವಾಗ್ತದೆ." "ಬಲ ಮಾಡಿ ಹಾಕಿದ ಗೇರು ಉಳಿಯೋದಿಲ್ಲ." ರೇಡಿಯೇಟರ್ ಬಗ್ಗೆ ಹೇಳಿದ್ದು: "ಬಿಸಿಯಾದಾಗ ಮುಚ್ಚಳ ತೆಗೀಬಾರದು, ತಣ್ಣಗಾಗೋ ತನಕ ಕಾಯಬೇಕು."

ಶಾರದಮ್ಮನವರು ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡತೊಡಗಿದರಂತೆ. ಹನ್ನೊಂದನೇ ತಿಂಗಳು, "ಇಂಥ ಸ್ವಾಮಿಗಳನ್ನ ನಾನೂ ನೋಡಬೇಕು" ಅಂತ ತಾವೇ ಮಠಕ್ಕೆ ಹೋದರು. ಅಲ್ಲಿ ಪ್ರವಚನವೂ ಇರಲಿಲ್ಲ, ಗಂಡನೂ ಇರಲಿಲ್ಲ. ಅಂಗಡಿಯ ಗುಮಾಸ್ತರನ್ನು ಗದರಿಸಿ ವಿಳಾಸ ತಿಳಿದು, ಆಟೋದಲ್ಲಿ ನಮ್ಮ ಮನೆ ಮುಂದೆ ಇಳಿದರು.

ಹಿತ್ತಲಿಗೆ ಬಂದಾಗ ಅವರಿಗೆ ಮೊದಲು ಕಂಡದ್ದು ಜೋಡಿಸಿಟ್ಟ ಚಪ್ಪಲಿ, ಆಮೇಲೆ ಟ್ರಕ್ಕಿನ ಕೆಳಗಿಂದ ಹೊರಚಾಚಿದ ಎರಡು ಪಾದ. ನಾನು ಎದ್ದು ನಿಂತೆ. ಉಸ್ತಾದರಿಗೆ ಬಳೆ ಸದ್ದು ಮಾತ್ರ ಕೇಳಿಸಿತು. "ಬರ್ರಿ ಅಮ್ಮಾ, ಕೂಡ್ರಿ" ಅಂದರು.

ಶಾರದಮ್ಮನವರು ಅವರನ್ನು ಒಂದು ಗಳಿಗೆ ದಿಟ್ಟಿಸಿದರು. "ಬಿಸಿಯಾದಾಗ ಮುಚ್ಚಳ ತೆಗೀಬಾರದು ಅಂದವರು ನೀವೇನು?"

"ಹೌದಮ್ಮಾ. ಮುಖ ಸುಟ್ಟುಕೋತಾರೆ."

"ಆ ಮಾತು ಕೇಳಿ ನಾನು ನನ್ನ ತಂಗಿ ಜೊತೆಗಿನ ಆರು ವರ್ಷದ ಜಗಳ ಬಿಟ್ಟೀನಿ!"

ಉಸ್ತಾದ್ ಸ್ವಲ್ಪ ಯೋಚಿಸಿ, "ಬಿಟ್ಟಿದ್ದು ಒಳ್ಳೇದೇ ಆಯ್ತಲ್ಲಮ್ಮಾ" ಅಂದರು.

ಗಿರಿಜಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಟ್ರಕ್ಕಿನ ಕೆಳಗಿನ ಪಾದಗಳು ಮೆಲ್ಲಗೆ ಒಳಗೆ ಸರಿಯುತ್ತಿದ್ದವು. "ಹೊರಗೆ ಬರ್ರಿ" ಅಂದರು ಶಾರದಮ್ಮ. "ಇನ್ನೂ ಹೆಬ್ಬೆರಳು ಕಾಣ್ತಾವೆ."

ಮುರುಗೇಂದ್ರಪ್ಪನವರು ಹೊರಬಂದರು. ವಿಭೂತಿಯ ಮೇಲೆ ಗ್ರೀಸಿನ ಗೆರೆ. ಶಾರದಮ್ಮನವರ ದನಿ ಆಗ ಬದಲಾಯಿತು. "ಟ್ರಕ್ಕು ತಂದಿದ್ದಕ್ಕೆ ನನಗೆ ಸಿಟ್ಟಿಲ್ಲ. ಹನ್ನೊಂದು ತಿಂಗಳು ಮುಚ್ಚಿಡಾಕ ನಾನೇನು ಹುಲಿ ಏನ್ರಿ?"

ಮುರುಗೇಂದ್ರಪ್ಪನವರು ಕೈಯಲ್ಲಿದ್ದ ಅರಿವೆಯನ್ನು ಮಡಿಸುತ್ತಾ ನಿಂತರು. ಶಾರದಮ್ಮನವರು ತಾವು ಬಂದ ಆಟೋದಲ್ಲೇ ಹೊರಟುಹೋದರು. ಹತ್ತು ದಿನ ಹಿತ್ತಲು ಬಿಕೋ ಅಂತಿತ್ತು. ನನಗೂ ನಾಚಿಕೆಯಾಗಿತ್ತು, ಅವರ ಗುಟ್ಟಿಗೆ ನಾವೆಲ್ಲ ಸೇರಿ ಕಾವಲು ಕಾದಿದ್ದೆವಲ್ಲ.

ಹನ್ನೊಂದನೇ ದಿನ ಗಂಡ ಹೆಂಡತಿ ಇಬ್ಬರೂ ಬಂದರು. ಮಾತು ಇನ್ನೂ ಪೂರ್ತಿ ಕೂಡಿದಂತಿರಲಿಲ್ಲ. ಶಾರದಮ್ಮನವರು ಟ್ರಕ್ಕಿನ ಸುತ್ತ ಒಂದು ಸುತ್ತು ಬಂದು, ನಾನು ಬಾಗಿಲಿಗೆ ಹಚ್ಚಿ ನೋಡಿದ್ದ ಬಣ್ಣದ ಮೇಲೆ ಬೆರಳಿಟ್ಟರು. "ಈ ಬಣ್ಣದ ಸೀರೆ ನಮ್ಮ ಅಂಗಡಿಯಾಗ ನಾಲ್ಕು ವರ್ಷದಿಂದ ಹಂಗೇ ಬಿದ್ದಾವೆ. ಯಾರೂ ಕೊಳ್ಳಲ್ಲ. ಬ್ಯಾಡ" ಅಂದು, ಚೀಲದಿಂದ ಎಲೆಹಸಿರಿನ ಒಂದು ಬಟ್ಟೆ ತುಂಡು ತೆಗೆದು ನನ್ನ ಕೈಗಿಟ್ಟರು. ಅಲ್ಲಿಂದ ಮುಂದೆ ಬಣ್ಣ, ಸೀಟು, ಹುಡ್ ಎಲ್ಲ ಆಕೆ ಮತ್ತು ಗಿರಿಜಾ ನೋಡಿಕೊಂಡರು. ನಮಗೆ ಉಳಿದದ್ದು ಕಬ್ಬಿಣ ಮಾತ್ರ.

ಕಬ್ಬಿಣದಲ್ಲೇ ನಾನು ಎಡವಿದೆ.

ಮುರುಗೇಂದ್ರಪ್ಪನವರಿಗೆ ಗಾಡಿ ಎತ್ತರ ಬೇಕಿತ್ತು. ಆರ್‌ಟಿಓ ಕಚೇರಿಯಲ್ಲಿ ಕೇಳಿ, ಕಾಗದ ಮಾಡಿಸಿಕೊಂಡೇ ಮುಂದುವರಿದೆವು. ನೀವೂ ಮೊದಲು ಕೇಳಿ, ಆಮೇಲೆ ಕೊಯ್ಯಿರಿ. ಎತ್ತರ ಮಾಡುವ ಒಂದು ದಾರಿ, ಆಕ್ಸಲಿನ ಕೆಳಗಿರುವ ಪಾಟಾಗಳನ್ನು, ಅಂದರೆ ಸ್ಪ್ರಿಂಗ್ ಪಟ್ಟಿಗಳನ್ನು, ಅದರ ಮೇಲೆ ಕೂರಿಸುವುದು. ಅದಕ್ಕೆ ಪಾಟಾ ಕೂರುವ ಪೀಠಗಳನ್ನು ಕೊಯ್ದು ಮೇಲ್ಬದಿಗೆ ಬೆಸುಗೆ ಹಾಕಬೇಕು. ಮುಂದಿನ ಆಕ್ಸಲಿಗೆ ಹಾಗೇ ಮಾಡಿದೆ, ಹತ್ತು ದಿನ ಹಿಡಿಯಿತು. ಹಿಂದಿನದಕ್ಕೆ ಬಂದಾಗ ನನ್ನ ಬುದ್ಧಿ ಚುರುಕಾಯಿತು. ಕೊಯ್ಯುವುದು ಯಾಕೆ? ಆಕ್ಸಲನ್ನೇ ಮಗುಚಿ ಹಾಕಿದರೆ ಕೆಳಗಿನ ಪೀಠ ತಾನಾಗಿ ಮೇಲೆ ಬರುತ್ತದಲ್ಲ! ಮಗುಚಿದೆ. ಅಚ್ಚುಕಟ್ಟಾಗಿ ಕೂತಿತು. ಹತ್ತು ದಿನದ ಕೆಲಸ ಒಂದೂವರೆ ದಿನಕ್ಕೆ ಮುಗಿಯಿತು. ಆ ವಾರ ಉಸ್ತಾದ್ ಕಣ್ಣಿನ ಆಸ್ಪತ್ರೆಗೆ ಹೋಗಿದ್ದರು. ಬಂದ ಮೇಲೂ ಹೇಳಲಿಲ್ಲ. ಒಂದು ದಿನ ಹೇಳಿ ಬೆರಗುಗೊಳಿಸಬೇಕೆಂದು ಇಟ್ಟುಕೊಂಡಿದ್ದೆ. ಗಾಡಿಯನ್ನು ಜಾಕ್ ಮೇಲೆ ನಿಲ್ಲಿಸಿ ಇಂಜಿನ್ ಹಚ್ಚಿ ಗೇರು ಹಾಕಿದಾಗ ಚಕ್ರ ತಿರುಗಿದವು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಯಾವ ಕಡೆ ತಿರುಗಿದವು ಅಂತ ಯಾರೂ ನೋಡಲಿಲ್ಲ.

ಹದಿನಾಲ್ಕನೇ ತಿಂಗಳು ನಮ್ಮ ಹಿತ್ತಲಲ್ಲೇ ಗಾಡಿಯ ಪೂಜೆ. ಗಂಡ ಹೆಂಡತಿ ಇಬ್ಬರ ಕಡೆಯ ನೆಂಟರೂ ಬಂದಿದ್ದರು. ಶಾರದಮ್ಮನವರ ತಂಗಿ ಮುಂದಿನ ಸಾಲಿನಲ್ಲೇ ನಿಂತಿದ್ದರು. ಬಾಳೆಕಂದು, ಹೂವಿನ ಹಾರ, ಚಕ್ರಗಳ ಮುಂದೆ ನಿಂಬೆಹಣ್ಣು. ಮುರುಗೇಂದ್ರಪ್ಪನವರು ನಿಜಲಿಂಗಪ್ಪ ಬಡಾವಣೆಯ ಡ್ರೈವಿಂಗ್ ಶಾಲೆಯಲ್ಲಿ ಹದಿನೆಂಟರ ಹುಡುಗಿಯರ ಜೊತೆ ಕೂತು ಗಾಡಿ ಕಲಿತು, ಹೊಸ ಲೈಸೆನ್ಸ್ ಜೇಬಲ್ಲಿಟ್ಟುಕೊಂಡು ಬಂದಿದ್ದರು. ಮೇಲೆ ಹತ್ತಿ ಕೂತು, ಕೈ ಮುಗಿದು, ಕ್ಲಚ್ ಒತ್ತಿ, ಒಂದನೇ ಗೇರು ಹಾಕಿದರು.

ಟ್ರಕ್ಕು ಹಿಂದಕ್ಕೆ ಹೊರಟಿತು.

ಗಾಬರಿಯಲ್ಲಿ ಅವರು ಎರಡನೇ ಗೇರು ಹಾಕಿದರು. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಗಿರಿಜಾ ಒಣಹಾಕಿದ್ದ ಬಟ್ಟೆಯ ಹಗ್ಗ ಹರಿದುಕೊಂಡು, ಪಕ್ಕದ ಮನೆಯವರ ಹುಲ್ಲಿನ ಬಣವೆಯೊಳಗೆ ಅರ್ಧ ಹೊಕ್ಕು ನಿಂತಿತು. ಅಲ್ಲಿ ಕಟ್ಟಿದ್ದ ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿ ನೋಡಿತು. ಮುಂದುಗಡೆ ನಿಂಬೆಹಣ್ಣುಗಳು ಹಾಗೇ ಇದ್ದವು. ಯಾರಿಗೂ ಪೆಟ್ಟಾಗಲಿಲ್ಲ.

ಮೊದಲು ಶಾರದಮ್ಮನವರ ತಂಗಿ, "ಭಾವಾರೆ, ರಿವರ್ಸ್ ಹಾಕಿಬಿಟ್ರಿ!" ಅಂದರು. ನಗೆ ಸಿಡಿಯಿತು. "ಈ ವಯಸ್ಸಿನಾಗ ಯಾಕ ಬೇಕಿತ್ತು", "ಡ್ರೈವರ್ ಇಟ್ಕೊಳ್ರಿ ಸಾವ್ಕಾರ್ರೆ" ಅಂತ ಒಬ್ಬೊಬ್ಬರು ಒಂದೊಂದು. ಮುರುಗೇಂದ್ರಪ್ಪನವರು ಹುಲ್ಲು ಕೊಡವಿಕೊಂಡು ಇಳಿದು, "ಹೌದು, ನನ್ನದೇ ತಪ್ಪಿರಬೇಕು" ಅಂದರು.

ನನಗೆ ಆಗಲೇ ಗೊತ್ತಾಗಿತ್ತು. ಆಕ್ಸಲ್ ಮಗುಚಿದರೆ ಒಳಗಿನ ದೊಡ್ಡ ಹಲ್ಲಿನ ಚಕ್ರ ಎಡದಿಂದ ಬಲಕ್ಕೆ ಬಂದು ಹಿಂದಿನ ಚಕ್ರಗಳನ್ನು ಉಲ್ಟಾ ತಿರುಗಿಸುತ್ತದೆ. ಆಗ ಗಾಡಿಗೆ ಹಿಂದೆ ಹೋಗಲು ನಾಲ್ಕು ಗೇರು, ಮುಂದೆ ಹೋಗಲು ಒಂದೇ. ನಾನು ಅಲ್ಲೇ, ಎಲ್ಲರೆದುರು ಹೇಳಬೇಕಿತ್ತು. ಹೇಳಲಿಲ್ಲ. ಇಪ್ಪತ್ತು ವರ್ಷದ ಹೆಸರು ನಾಲಿಗೆ ಕಟ್ಟಿಹಾಕಿತು. ನಾನೂ ಅವರ ಜೊತೆ ಸಣ್ಣಗೆ ನಕ್ಕೆ. ಈ ಇಡೀ ಬರಹದಲ್ಲಿ ನನಗೆ ಬರೆಯಲು ಕಷ್ಟವಾದ ಸಾಲು ಇದೇ.

ಎಲ್ಲರೂ ಊಟಕ್ಕೆ ಹೋದ ಮೇಲೆ ಉಸ್ತಾದ್ ಕುರ್ಚಿಯಿಂದಲೇ ಕರೆದರು. "ಇಂಜಿನ್ ಮುಂದೆ ಹೋಗ್ತೀನಿ ಅಂತಿತ್ತು, ಚಕ್ರ ಹಿಂದೆ ಹೋದವು. ನನ್ನ ಕಿವಿಗೆ ಗೊತ್ತಾಗಲ್ಲೇನು? ಹಿಂದಿನ ಆಕ್ಸಲ್ ಮಕಾಡೆ ಹಾಕೀಯ?"

"ಹಾಕೀನಿ ಉಸ್ತಾದ್."

"ಅದು ಬಿಡು, ತಪ್ಪು. ನನ್ನ ಕೈಯಿಂದಲೂ ಆಗ್ಯಾವೆ. ಆದರೆ ಆ ಮನುಷ್ಯ ನಿನ್ನ ತಪ್ಪನ್ನ ತಲಿಮ್ಯಾಲೆ ಹೊತ್ತುಕೊಂಡು ಊಟಕ್ಕೆ ಕುಂತಾನೆ. ನಿನಗೆ ಬೋಲ್ಟು ಬಿಗಿಯೋದು ಕಲಿಸಿದೆ ಶೇಖರಪ್ಪ, ಬಾಯಿ ಬಿಚ್ಚೋದು ಕಲಿಸಲಿಲ್ಲ ನೋಡು."

ಮರುದಿನ ಬೆಳಿಗ್ಗೆ ಎಸ್.ಎಸ್. ಬಡಾವಣೆಗೆ ಹೋದೆ. ಮುರುಗೇಂದ್ರಪ್ಪನವರು ವರಾಂಡದಲ್ಲಿ ಪೇಪರ್ ಮಡಿಸಿ ಪಕ್ಕಕ್ಕಿಟ್ಟು ಸುಮ್ಮನೆ ಕೂತಿದ್ದರು. ನನ್ನನ್ನು ಕಂಡು, "ಬರ್ರಿ. ನಾನೇ ಬರೋನಿದ್ದೆ. ಆ ಗಾಡಿ ಯಾರಿಗಾದ್ರೂ ಕೊಟ್ಟುಬಿಡ್ರಿ. ನನ್ನ ಕೈಲಿ ಆಗೋ ಕೆಲಸ ಅಲ್ಲ ಅದು" ಅಂದರು.

ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಬೈಯುತ್ತಾರೆ ಅಂತ ಕಾದೆ. ಅವರು ಮೆಲ್ಲಗೆ ಮುಂದೆ ಬಾಗಿದರು.

"ಹಂಗಾದ್ರೆ... ನಾನು ಹಾಕಿದ್ದು ಒಂದನೇ ಗೇರೇ?"

"ಒಂದನೇದೇ. ಆಮೇಲೆ ಹಾಕಿದ್ದು ಎರಡನೇದೇ. ಕ್ಲಚ್ಚೂ ಚಲೋ ಬಿಟ್ರಿ."

ಅವರ ಮುಖ ಅರಳಿದ್ದು ನೋಡಬೇಕಿತ್ತು. "ಶಾರದಾ! ಏ ಶಾರದಾ, ಇಲ್ಲಿ ಬಾ! ಶೇಖರಪ್ಪ, ಇನ್ನೊಂದು ಸಲ ಹೇಳ್ರಿ, ಮೊದಲಿಂದ." ಹೇಳಿದೆ. ಶಾರದಮ್ಮನವರು ಕಾಫಿ ತಂದರು, ಅವರ ಮುಂದೆ ಮತ್ತೊಮ್ಮೆ ಹೇಳಿದೆ. ಆಮೇಲೆ ಮುರುಗೇಂದ್ರಪ್ಪನವರು ನೆಂಟರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಹನ್ನೊಂದು ಮನೆಗೆ ನನ್ನ ತಪ್ಪನ್ನು ನಾನೇ ವಿವರಿಸಿದೆ. ಕೊನೆಯ ಫೋನು ಶಾರದಮ್ಮನವರ ತಂಗಿಗೆ. ಅದಕ್ಕೆ ಬರುವ ಹೊತ್ತಿಗೆ ನನಗೆ ಬಾಯಿಪಾಠವಾಗಿತ್ತು, ಒಂದು ಥರ ಹಗುರವೂ ಆಗಿತ್ತು.

ಹಿಂದಿನ ಆಕ್ಸಲ್ ಬಿಚ್ಚಿ, ಪೀಠ ಕೊಯ್ದು, ಬೆಸುಗೆ ಹಾಕಿದೆ. ಸರಿಯಾಗಿ ಹತ್ತು ದಿನ. ಈ ಸಲ ಉಸ್ತಾದ್ ಪಕ್ಕದಲ್ಲೇ ಕೂತು ಪ್ರತಿ ಚಕ್ರವನ್ನೂ ಕೈಯಿಂದ ಮುಟ್ಟಿ, ತಿರುಗುವ ದಿಕ್ಕನ್ನು ಅಂಗೈಯಲ್ಲಿ ತಿಳಿದುಕೊಂಡರು. ಕಣ್ಣಿದ್ದ ನಾವು ಬಿಟ್ಟಿದ್ದನ್ನು ಅವರ ಅಂಗೈ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಹರಿಹರಕ್ಕೆ ಹೋದೆವು. ಬೇಸಿಗೆ, ಹೊಳೆ ಆ ಕಡೆಗೆ ಸರಿದು, ಈ ಕಡೆ ಕಲ್ಲು ಮರಳಿನ ದಂಡೆ ಬಯಲಾಗಿತ್ತು. ಮುಂದೆ ಗಂಡ ಹೆಂಡತಿ, ಹಿಂದೆ ನಾನು, ಉಸ್ತಾದ್, ಬುತ್ತಿ ಗಂಟು ಹಿಡಿದ ಗಿರಿಜಾ. ಮುರುಗೇಂದ್ರಪ್ಪನವರು ನಾಲ್ಕು ಚಕ್ರದ ಲಿವರ್ ಎಳೆದು ಒಂದನೇ ಗೇರು ಹಾಕಿದರು. ಟ್ರಕ್ಕು ಗುರುಗುಟ್ಟುತ್ತಾ, ಮೂಗು ಮೇಲಕ್ಕೆತ್ತಿ, ಆಳೆತ್ತರದ ದಿಬ್ಬವನ್ನು ಒಂದೇ ಉಸಿರಿಗೆ ಹತ್ತಿ ನಿಂತಿತು. ಅವರು ಸ್ಟೇರಿಂಗ್ ಬಿಡದೆ ನಗುತ್ತಿದ್ದರು. ಕಣ್ಣಲ್ಲಿ ನೀರಿತ್ತು.

ಶಾರದಮ್ಮನವರು ಸೆರಗು ಸೊಂಟಕ್ಕೆ ಸಿಗಿಸಿಕೊಂಡರು. "ಇಳೀರಿ. ಈಗ ನಾನು."

"ನಿನಗೆ ಬರಲ್ಲ, ಶಾರದಾ."

"ನಿಮಗೂ ಬರ್ತಿರಲಿಲ್ಲ. ಕ್ಲಚ್ ಯಾವುದು ತೋರಿಸ್ರಿ."

ತೋರಿಸಿದರು. ಮೂರು ಸಲ ಇಂಜಿನ್ ಆರಿಹೋಯಿತು. ಗಿರಿಜಾ ಬುತ್ತಿ ಗಂಟನ್ನು ಎದೆಗವಚಿಕೊಂಡಳು. ನಾಲ್ಕನೇ ಸಲಕ್ಕೆ ಟ್ರಕ್ಕು ಒಮ್ಮೆ ಜಿಗಿದು, ನಾಲ್ಕು ಮಾರು ಮುಂದೆ ಹೋಗಿ ನಿಂತಿತು. ಆಕೆ ಗಂಡನ ಕಡೆ ತಿರುಗಿದರು.

"ನನ್ನ ಕೇಳಿದ್ರೆ ಮೊದಲನೇ ದಿನದಿಂದ ನಾನೂ ಬರ್ತಿದ್ದೆ."

"ಬ್ಯಾಡ ಅಂತೀಯ ಅಂದ್ಕೊಂಡೆ."

"ಅಂದ್ಕೊಂಡ್ರಿ" ಅಂದರು ಶಾರದಮ್ಮ, ಮತ್ತೆ ಗೇರು ಹಾಕುತ್ತಾ. "ಬಿಗಿಯಾಗಿ ಹಿಡ್ಕೊಳ್ರಿ ಎಲ್ಲಾರೂ."

ನಾನು ಕಬ್ಬಿಣದ ಸರಳು ಹಿಡಿದುಕೊಂಡು ಉಸ್ತಾದರ ಕಡೆ ನೋಡಿದೆ. ಅವರಿಗೆ ಮುಂದಿನ ಇಳಿಜಾರೂ ಕಾಣುತ್ತಿರಲಿಲ್ಲ, ಅದರಾಚೆಯ ನೀರೂ ಕಾಣುತ್ತಿರಲಿಲ್ಲ. ಒಂದು ಗಳಿಗೆ ಇಂಜಿನ್ನಿಗೆ ಕಿವಿಗೊಟ್ಟರು. ಆಮೇಲೆ ಟ್ರಕ್ಕಿನ ಪಕ್ಕದ ತಗಡಿನ ಮೇಲೆ ಅಂಗೈಯಿಂದ ಎರಡು ಏಟು ಹೊಡೆದು, ಹರಿಹರಕ್ಕೆಲ್ಲ ಕೇಳುವಂತೆ ಕೂಗಿದರು:

"ಹೋಗ್ಲಿ ಅಮ್ಮಾ, ರೈಟ್!"